ಯಾವ ಬಣ್ಣ ಇದ್ರೇನು?

"ಎಂಬತ್ತು ವರ್ಷ ಆಯ್ತಲ್ಲ ಮಾರಾಯ, ಆ ಚೌಕ ಯಾವ ಬಣ್ಣ ಇದ್ರೇನು?" ಮೊನ್ನೆ ಗೆಳೆಯ ಫೋನಿನಲ್ಲಿ ಅಂದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಎರಡನೇ ಮಹಾಯುದ್ಧದ ಕಪ್ಪು-ಬಿಳುಪು ಚಿತ್ರ, 1944ರ ಫ್ರಾನ್ಸಿನ ನಾರ್ಮಂಡಿಯದು. ಧೂಳು ರಸ್ತೆ, ಬ್ರಿಟಿಷ್ ಸೇನೆಯ ಮೋರಿಸ್ ಕ್ವಾಡ್ ಗಾಡಿ, ಹಿಂದೆ 25 ಪೌಂಡರ್ ಫಿರಂಗಿ. ಅದಕ್ಕೆ ಎಐ ಆ್ಯಪ್‌ನಿಂದ ಬಣ್ಣ ಹಾಕಿಸಿ ಕಳಿಸಿದ್ದ. ಮುಖಗಳು, ಬೇಲಿಯ ಹಸಿರು ಎಲ್ಲ ಚೆನ್ನಾಗಿಯೇ ಬಂದಿವೆ. ನನ್ನ ಕಣ್ಣು ನೆಟ್ಟಿದ್ದು ಮಡ್‌ಗಾರ್ಡ್ ಮೇಲಿನ ಗೇಣಗಲದ ಚೌಕದ ಮೇಲೆ. ಒಳಗೆ ಬಿಳಿಯಲ್ಲಿ 42. ಆ್ಯಪ್ ಅದಕ್ಕೆ ಕಂದು ಬಳಿದಿತ್ತು.

ಗಾಡಿ ಯಾವ ದಳದ್ದು ಅಂತ ಹೇಳುವುದೇ ಆ ಚೌಕದ ಬಣ್ಣ ಮತ್ತು ಸಂಖ್ಯೆ. ಒಂದು ಡಿವಿಷನ್, ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆ; ಅದರೊಳಗೆ ಮೂರು ಕಾಲಾಳು ಬ್ರಿಗೇಡು. ಕಂದು ಅಂದರೆ ಅವುಗಳಲ್ಲಿ ಕಿರಿಯದು. ಹಿರಿಯದಕ್ಕೆ ಕೆಂಪು, ನಡುವಿನದಕ್ಕೆ ಹಸಿರು. ಫಿರಂಗಿ ದಳದ ಚೌಕವೇ ಬೇರೆ: ಮೇಲರ್ಧ ಕೆಂಪು, ಕೆಳಗರ್ಧ ನೀಲಿ. 42, 43, 44 ಅಂದರೆ ಅದರ ಮೂರು ಫೀಲ್ಡ್ ರೆಜಿಮೆಂಟುಗಳು. ಅದೂ ಬೇಡ, ಕ್ವಾಡ್ ಇದ್ದದ್ದೇ ಫಿರಂಗಿ ಎಳೆಯೋದಕ್ಕೆ. ಮೂಲ ಚಿತ್ರದಲ್ಲಿ ಬಾನೆಟ್ ಪಕ್ಕದ ನಂಬರು ಶುರುವಾಗುವುದು 'ಎಚ್' ಅಕ್ಷರದಿಂದ. ಫಿರಂಗಿ ಎಳೆಯುವ ಟ್ರ್ಯಾಕ್ಟರುಗಳಿಗೆ ಕೊಡುತ್ತಿದ್ದ ಅಕ್ಷರ ಅದು. ಲಾರಿಗಾದರೆ 'ಎಲ್', ಟ್ಯಾಂಕಿಗೆ 'ಟಿ'. ಆ್ಯಪ್ ಆ ನಂಬರನ್ನೂ ಕಲಸಿಹಾಕಿದೆ.

ಕಪ್ಪು-ಬಿಳುಪಿನಲ್ಲಿ ಬಣ್ಣ ಹುಡುಕುವುದು ಸುಲಭವಲ್ಲ, ಒಪ್ಪುತ್ತೇನೆ. ಕೆಂಪು ಬೆಳಕು ತಾಗದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಕೆಂಪು ಕಪ್ಪಾಗುತ್ತದೆ, ನೀಲಿ ಬೆಳ್ಳಗಾಗುತ್ತದೆ. ಎಲ್ಲ ಬಣ್ಣದ ಬೆಳಕೂ ತಾಗುವ ಪ್ಯಾನ್‌ಕ್ರೊಮ್ಯಾಟಿಕ್ ಆದರೆ ಎರಡೂ ಹೆಚ್ಚುಕಮ್ಮಿ ಒಂದೇ ಬೂದಿ ಬಣ್ಣಕ್ಕೆ ತಿರುಗಬಹುದು. 50ನೇ ಡಿವಿಷನ್ನಿನ ಗುರುತು ಕಪ್ಪು ಚೌಕದಲ್ಲಿ ಎರಡು ಕೆಂಪು 'ಟಿ', ಟೈನ್ ಮತ್ತು ಟೀಸ್ ನದಿಗಳಿಗಾಗಿ. ಎಷ್ಟೋ ಚಿತ್ರಗಳಲ್ಲಿ ಅದು ಬರೀ ಕಪ್ಪು ಚೌಕವಾಗಿ ಕಾಣುತ್ತದೆ. ಅದಕ್ಕೇ ಬೂದಿ ಬಣ್ಣವೊಂದನ್ನೇ ನಂಬಬಾರದು. ಸಂಖ್ಯೆ, ಗಾಡಿಯ ಜಾತಿ, ಇನ್ನೊಂದು ಮಡ್‌ಗಾರ್ಡಿನ ಮೇಲಿನ ಡಿವಿಷನ್ ಗುರುತು ಎಲ್ಲ ತಾಳೆ ಹಾಕಬೇಕು.

ಗೆಳೆಯ ಒಳ್ಳೆಯವನು, ಕೈ ಚುರುಕು, ತಾಳ್ಮೆ ಕಮ್ಮಿ. ಚೆಂದ ಕಂಡದ್ದನ್ನೆಲ್ಲ ನಿಜ ಅಂದುಕೊಳ್ಳುವ ಜಾಯಮಾನ.

ಯಾವ ಬಣ್ಣ ಇದ್ರೇನು? ಯುದ್ಧಕಾಲದ ಸೆನ್ಸಾರ್ ಅಧಿಕಾರಿಗಳು ಇಂಥ ಗುರುತುಗಳನ್ನು ಚಿತ್ರದಿಂದ ಕೆರೆದು ಹಾಕಿಸುತ್ತಿದ್ದರು. ಒಂದು ಚೌಕ ಸಿಕ್ಕರೆ ಯಾವ ದಳ ಎಲ್ಲಿದೆ ಅಂತ ಶತ್ರುವಿಗೆ ಗೊತ್ತಾಗುತ್ತಿತ್ತು. ಅವರು ಅಳಿಸಿದ್ದರೆ ಅಳಿಸಿದ ಕಲೆಯಾದರೂ ಉಳಿದಿರುತ್ತದೆ. ಈ ಕಂದು ಬಣ್ಣಕ್ಕೆ ಅಂಥ ಕಲೆಯೂ ಇಲ್ಲ, ನೋಡಿದವರು ನಂಬಿಬಿಡುತ್ತಾರೆ. ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ರೆಜಿಮೆಂಟುಗಳ ವಾರ್ ಡೈರಿಗಳಿವೆ, ಅಂದರೆ ಯುದ್ಧಕಾಲದ ದಿನಚರಿಗಳು. ಆ ಗಾಡಿಯಲ್ಲಿ ಕೂತ ಹುಡುಗನ ಮೊಮ್ಮಗಳು ನಾಳೆ ಈ ಚಿತ್ರ ಹಿಡಿದು ಅಲ್ಲಿಗೆ ಹೋದರೆ, ಅಜ್ಜ ಕಾಲಿಡದ ಬ್ರಿಗೇಡಿನ ಪುಟ ತಿರುವುತ್ತಾ ಕೂರುತ್ತಾಳೆ. ಅವನು ಎಲ್ಲಿದ್ದ, ಯಾರ ಜೊತೆಗಿದ್ದ ಅನ್ನುವುದಕ್ಕೆ ಅವಳ ಕೈಯಲ್ಲಿರುವುದು ಆ ಚೌಕ ಒಂದೇ ಆಗಿರಬಹುದು.

ಮುಂದಿನ ಸಲ ಇಟಲಿಯ ಕ್ಯಾಸಿನೊ ಕದನದ ಚಿತ್ರಕ್ಕೆ ಬಣ್ಣ ಹಾಕಿಸುತ್ತಾನಂತೆ. ಅಲ್ಲಿ ಹೋರಾಡಿದ 4ನೇ ಇಂಡಿಯನ್ ಡಿವಿಷನ್ನಿನ ಗುರುತು ಕಪ್ಪಿನ ಮೇಲೆ ಕೆಂಪು ಹದ್ದು. ನಮ್ಮ ಅಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್‌ನವರೂ, ಅಂದರೆ ಸೇನೆಯ ಎಂಜಿನಿಯರುಗಳೂ, ಆ ಡಿವಿಷನ್ನಿನಲ್ಲಿದ್ದರು. ಆ್ಯಪಿಗೆ ಕೊಡುವ ಮೊದಲು ಮೂಲ ಚಿತ್ರವನ್ನು ದೊಡ್ಡ ಸೈಜಿನಲ್ಲಿ ನನಗೆ ಕಳಿಸು ಅಂದಿದ್ದೇನೆ. ಹೂಂ ಅಂದಿದ್ದಾನೆ.