ಮೂರನೇ ವರ್ಷಕ್ಕೆ ಕೊಟ್ಟ ಸೊನ್ನೆ

ಅಮೆರಿಕದ ಒಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ವಿಭಾಗದಲ್ಲಿ ಅಂಕಿ-ಅಂಶ ನೋಡಿಕೊಳ್ಳುವುದು ನನ್ನ ಕೆಲಸ. ಇದು ನಾವು ಊರಲ್ಲಿ ಆಡುತ್ತಿದ್ದ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ನುಗ್ಗುವ ಆಟ. ಪ್ರತಿ ವರ್ಷ ಹೈಸ್ಕೂಲ್ ಮುಗಿಸುವ ಹುಡುಗರಲ್ಲಿ ಇಪ್ಪತ್ತು, ಇಪ್ಪತ್ತೈದು ಮಂದಿಯನ್ನು ಹುಡುಕಿ, ಸ್ಕಾಲರ್‌ಶಿಪ್ ಕೊಟ್ಟು ಕರೆತರುತ್ತಾರೆ. ಇಲ್ಲಿಯವರು ಅದನ್ನು ರಿಕ್ರೂಟಿಂಗ್ ಕ್ಲಾಸ್ ಅನ್ನುತ್ತಾರೆ. ಮನೆಗೆ ಫೋನ್ ಮಾಡಿದಾಗ ನಾನು ‘ಆ ವರ್ಷದ ಬ್ಯಾಚು’ ಅನ್ನುತ್ತೇನೆ. ಹುಡುಗರು ಸಹಿ ಹಾಕಿದ ದಿನವೇ ಕ್ರೀಡಾ ಮಾಧ್ಯಮಗಳಾದ ರಿವಲ್ಸ್, 247ಸ್ಪೋರ್ಟ್ಸ್, ಇಎಸ್‌ಪಿಎನ್‌ನವರು ತಾವು ಪ್ರತಿ ಹುಡುಗನಿಗೆ ಕೊಟ್ಟ ನಕ್ಷತ್ರ ಎಣಿಸಿ ಬ್ಯಾಚಿಗೆ ರ‍್ಯಾಂಕ್ ಕೊಟ್ಟುಬಿಡುತ್ತಾರೆ. ಆ ಬ್ಯಾಚು ನಿಜಕ್ಕೂ ಹೇಗಾಯಿತು ಅಂತ ವರ್ಷಗಳಾದ ಮೇಲೆ ಲೆಕ್ಕ ಹಾಕುವವಳು ನಾನು.

ಈ ಕೆಲಸದ ಆರಂಭದ ದಿನಗಳಲ್ಲಿ, ಮೂರು ವರ್ಷದ ಹಿಂದೆ ಬಂದಿದ್ದ ಒಂದು ಬ್ಯಾಚಿನ ಬಗ್ಗೆ ಮೇಲಿನವರು ಒಂದು ಪುಟದ ವರದಿ ಕೇಳಿದರು. ಮೂರು ವರ್ಷ ಅಂತ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ: ಹೈಸ್ಕೂಲ್ ಮುಗಿಸಿ ಮೂರು ವರ್ಷವಾಗದೆ ಯಾರೂ ಎನ್‌ಎಫ್‌ಎಲ್ ಡ್ರಾಫ್ಟಿಗೆ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಡೆಗೆ, ಹೋಗುವಂತಿಲ್ಲ. ಹಾಗಾಗಿ ಮೂರನೇ ವರ್ಷಕ್ಕೆ ಲೆಕ್ಕ ಮುಗಿಸುವುದು ಸಹಜ ಅಂತಲೇ ನನಗೂ ಅನಿಸಿತ್ತು. ಆಡಿದ ಪಂದ್ಯ, ಮೊದಲಿನಿಂದ ಕಣಕ್ಕಿಳಿದ ಪಂದ್ಯ, ಪ್ರಶಸ್ತಿ, ಡ್ರಾಫ್ಟ್, ಪ್ರತಿಯೊಂದಕ್ಕೂ ಅಂಕ ಕೊಟ್ಟೆ. ಕೂಡಿಸಿದಾಗ ಬ್ಯಾಚು ಕಳಪೆ ಅಂತ ಬಂತು. ಐದು ಹುಡುಗರ ಮುಂದೆ ಸೊನ್ನೆ. ವರದಿ ಕಳಿಸಿ ಮನೆಗೆ ಹೋದೆ.

ಮರುದಿನ ಆಫೆನ್ಸಿವ್ ಲೈನ್, ಅಂದರೆ ಚೆಂಡು ಹಿಡಿದವನ ಮುಂದೆ ಗೋಡೆಯಂತೆ ನಿಲ್ಲುವವರ ಕೋಚ್ ನನ್ನ ಟೇಬಲ್ಲಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಸಿಟ್ಟಿರಲಿಲ್ಲ. ಸೊನ್ನೆ ಬಿದ್ದ ಐದು ಹೆಸರಿನ ಮೇಲೆ ಒಂದೊಂದಾಗಿ ಬೆರಳಿಟ್ಟು ಹೇಳುತ್ತಾ ಹೋದರು. ಅವರಲ್ಲಿ ಮೂವರು ಲೈನ್‌ಮನ್‌ಗಳು. ಬಂದಾಗ 118 ಕಿಲೋ ಆಸುಪಾಸಿದ್ದ, ಸಣ್ಣ ಊರುಗಳ ಉದ್ದನೆಯ ಹುಡುಗರು. ಆ ಜಾಗದಲ್ಲಿ ನಿಂತು ಎದುರಾಳಿಯನ್ನು ತಡೆಯಬೇಕಾದರೆ 136 ಕಿಲೋ ದಾಟಬೇಕು, ಅದೂ ಕಾಲಿನ ಚುರುಕು ಕಳೆದುಕೊಳ್ಳದೆ. ಅದಕ್ಕೆ ಮೂರು ವರ್ಷ ಬೇಕೇ ಬೇಕು ಅಂತ ಗೊತ್ತಿದ್ದೇ ಅವರನ್ನು ತಂದಿದ್ದರು. ಇಲ್ಲಿನ ಆಗಿನ ನಿಯಮವೂ ಅದಕ್ಕೆ ಅನುಕೂಲವಾಗಿತ್ತು: ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡಬಹುದಿತ್ತು. 2018ರಿಂದ ಒಂದು ವರ್ಷದಲ್ಲಿ ನಾಲ್ಕು ಪಂದ್ಯದವರೆಗೆ ಆಡಿದರೂ ಆ ವರ್ಷ ನಾಲ್ಕು ಸೀಸನ್ನಿನ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ನಾಲ್ಕನೆಯವನು ಹಿರಿಯನೊಬ್ಬನ ಹಿಂದೆ ಸರದಿ ಕಾಯುತ್ತಿದ್ದ. ಐದನೆಯವನ ಮಂಡಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿ ಆಟ ನಿಂತಿತ್ತು, ಸ್ಕಾಲರ್‌ಶಿಪ್ ಉಳಿದಿತ್ತು, ಓದುತ್ತಿದ್ದ.

ಇದಾವುದೂ ನನ್ನ ಹಾಳೆಯಲ್ಲಿ ಇರಲಿಲ್ಲ. ನಮ್ಮೂರು ಚನ್ನಗಿರಿ ಕಡೆ, ಅಪ್ಪನದು ಅಡಿಕೆ ತೋಟ. ಮೂರು ವರ್ಷದ ಸಸಿಗೆ ಫಸಲಿಲ್ಲ ಅಂತ ಯಾರೂ ಅಲ್ಲಿ ತೋಟವನ್ನು ಹಳಿಯುವುದಿಲ್ಲ. ಇದನ್ನು ನೋಡಿಕೊಂಡೇ ಬೆಳೆದವಳು ನಾನು. ಆದರೂ ಎಕ್ಸೆಲ್ ಮುಂದೆ ಕೂತಾಗ ಅದು ನೆನಪಿಗೆ ಬರಲಿಲ್ಲವಲ್ಲ ಅಂತ ಇವತ್ತಿಗೂ ಬೇಸರವಾಗುತ್ತದೆ.

ಆಮೇಲೆ ನನ್ನದೇ ಸೂತ್ರವನ್ನು ಅಲಬಾಮಾ ವಿಶ್ವವಿದ್ಯಾಲಯದ 2017ರ ಬ್ಯಾಚಿಗೆ ಹಚ್ಚಿ ನೋಡಿದೆ. ಆ ವರ್ಷ ದೇಶದಲ್ಲೇ ಮೊದಲ ರ‍್ಯಾಂಕ್ ಪಡೆದ ಬ್ಯಾಚು ಅದು. ಮೂರು ವರ್ಷಕ್ಕೆ, ಅಂದರೆ 2020ರ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ, ಅದರ ನಾಲ್ವರು ಹೋದರು: ಟುವಾ ಟಾಗೊವೈಲೋವಾ, ಜೆಡ್ರಿಕ್ ವಿಲ್ಸ್, ಹೆನ್ರಿ ರಗ್ಸ್, ಜೆರ‍್ರಿ ಜೂಡಿ. ಒಂದು ವರ್ಷ ತಡೆದಿದ್ದರೆ ಇನ್ನೂ ನಾಲ್ವರು: ಡಿವಾಂಟಾ ಸ್ಮಿತ್, ಮ್ಯಾಕ್ ಜೋನ್ಸ್, ಅಲೆಕ್ಸ್ ಲೆದರ್‌ವುಡ್, ನಾಜಿ ಹ್ಯಾರಿಸ್. ಸ್ಮಿತ್‌ಗೆ ಹೈಸ್‌ಮನ್ ಟ್ರೋಫಿ, ಅಂದರೆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನ ಪ್ರಶಸ್ತಿ, ಬಂದದ್ದು ನಾಲ್ಕನೇ ವರ್ಷ. ಮ್ಯಾಕ್ ಜೋನ್ಸ್ ಕಥೆಯಂತೂ ನನಗೆ ಮಾಡಿದ ಪಾಠದ ಹಾಗಿದೆ. ಮೂರು ವರ್ಷ ಮುಗಿದಾಗ ಆತ ಮೊದಲಿನಿಂದ ಆಡಿದ್ದು ಬೆರಳೆಣಿಕೆಯ ಪಂದ್ಯ, ಅದೂ ಟುವಾಗೆ ಪೆಟ್ಟಾದಾಗ. ನನ್ನ ಸೂತ್ರದಲ್ಲಿ ಬಹುತೇಕ ಸೊನ್ನೆ. ಮರುವರ್ಷ ಅದೇ ಹುಡುಗ ತಂಡವನ್ನು ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಮಾಡಿದ. ಇಷ್ಟು ದೊಡ್ಡ ಬ್ಯಾಚನ್ನೇ ಅರ್ಧ ಅಳೆದು ಬಿಡುವ ಸೂತ್ರ, ನಮ್ಮಂಥ ಸಾಧಾರಣ ತಂಡದ ಬ್ಯಾಚಿಗೆ ಏನು ನ್ಯಾಯ ಕೊಟ್ಟೀತು?

ಈಗ ಕಾಯುವುದಷ್ಟೇ ಸಾಲದು ಅನ್ನುವುದೂ ನಿಜ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಕಾಲೇಜು ಬದಲಿಸಲು ಬಯಸುವ ಆಟಗಾರರು ಹೆಸರು ದಾಖಲಿಸುವ ಪಟ್ಟಿ ಅದು. ಮೊದಲ ಸಲ ಕಾಲೇಜು ಬದಲಿಸುವವರು ಒಂದು ವರ್ಷ ಆಡದೆ ಹೊರಗೆ ಕೂರಬೇಕೆನ್ನುವ ನಿಯಮ 2021ರಲ್ಲಿ ಹೋಯಿತು. ಟೆಕ್ಸಾಸ್ ಎ ಆ್ಯಂಡ್ ಎಮ್‌ನ 2022ರ ಬ್ಯಾಚಿಗೆ 247ಸ್ಪೋರ್ಟ್ಸ್ ಅಲ್ಲಿಯವರೆಗಿನ ಅತಿ ಹೆಚ್ಚು ಅಂಕ ಕೊಟ್ಟಿತ್ತು. ಆ ವರ್ಷವೇ ತಂಡ 5 ಗೆದ್ದು 7 ಸೋತಿತು, ಹುಡುಗರು ಒಬ್ಬೊಬ್ಬರಾಗಿ ಬೇರೆಡೆ ಹೊರಟರು. 2025ರ ಡ್ರಾಫ್ಟಿನಲ್ಲಿ ಅದೇ ಬ್ಯಾಚಿನ ವಾಲ್ಟರ್ ನೋಲೆನ್ 16ನೆಯವನಾಗಿ, ಶೆಮಾರ್ ಸ್ಟುವರ್ಟ್ 17ನೆಯವನಾಗಿ ಆಯ್ಕೆಯಾದರು. ಬೆನ್ನಿಗೆ ಬೆನ್ನು ಹತ್ತಿ ಬಂದ ಎರಡು ಹೆಸರು, ಆದರೆ ನೋಲೆನ್ ಅಷ್ಟರಲ್ಲಿ ಓಲ್ ಮಿಸ್ ಅನ್ನುವ ಬೇರೆ ವಿಶ್ವವಿದ್ಯಾಲಯದ ಆಟಗಾರ. ಜೋ ಬರೋನನ್ನು ಗುರುತಿಸಿ ಕರೆತಂದದ್ದು ಒಹಾಯೊ ಸ್ಟೇಟ್. 2019ರ ಹೈಸ್‌ಮನ್ ಆತ ಗೆದ್ದದ್ದು ಎಲ್‌ಎಸ್‌ಯು ಜೆರ್ಸಿಯಲ್ಲಿ. ಇಂಥವರನ್ನು ಯಾರ ಖಾತೆಗೆ ಹಾಕುವುದು ಅಂತ ತಿಂಗಳುಗಟ್ಟಲೆ ಒದ್ದಾಡಿದ್ದೇನೆ. ಕೊನೆಗೆ ಎರಡು ಕಾಲಂ ಮಾಡಿದೆ: ಆರಿಸಿದ್ದು ಸರಿಯಿತ್ತೇ, ಉಳಿಸಿಕೊಂಡದ್ದು ಸರಿಯಿತ್ತೇ. ಎರಡನ್ನೂ ಕೂಡಿಸಿ ಒಂದೇ ಅಂಕ ಕೊಡಿ ಅಂತ ಈಗಲೂ ಕೇಳುತ್ತಾರೆ, ನಾನು ಕೊಡುವುದಿಲ್ಲ. ಹುಡುಗನನ್ನು ಪತ್ತೆ ಮಾಡಿದವರು ಒಬ್ಬರು, ಅವನು ಬಿಟ್ಟು ಹೋಗುವಂತೆ ಆದದ್ದಕ್ಕೆ ಕಾರಣ ಮತ್ತೊಂದು.

ಇನ್ನೊಂದು ಬದಲಾವಣೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಡಿಸೆಂಬರ್‌ನಲ್ಲಿ ಸಹಿಯಾದ ವಾರವೇ ಪ್ರತಿ ಹುಡುಗನ ಬಗ್ಗೆ ಅವನ ಕೋಚ್ ಹತ್ತಿರ ಕೂತು ನಾಲ್ಕು ಸಾಲು ಬರೆದಿಡುತ್ತೇನೆ. ಯಾವ ಜಾಗಕ್ಕೆ ತಂದಿರಿ, ಯಾವ ವರ್ಷ ಆಡಬೇಕು, ಅಲ್ಲಿಯವರೆಗೆ ಅವನ ಮೈಯಲ್ಲಿ, ಆಟದಲ್ಲಿ ಏನು ಬದಲಾಗಬೇಕು. ಮುಂದೆ ಅಳೆಯುವುದು ಆ ನಾಲ್ಕು ಸಾಲಿಗೆ ಹೋಲಿಸಿ, ನಕ್ಷತ್ರಕ್ಕಲ್ಲ. ಗೆದ್ದ ಮೇಲೆ ಎಲ್ಲರೂ ‘ಅವತ್ತೇ ಹೇಳಿದ್ದೆ’ ಅನ್ನುತ್ತಾರೆ, ಸೋತ ಮೇಲೆ ಯಾರೂ ಹೇಳಿರುವುದಿಲ್ಲ. ಬರೆದಿಟ್ಟಿದ್ದರೆ ಆ ಗೊಂದಲವಿಲ್ಲ.

ಆ ಮೂವರು ಲೈನ್‌ಮನ್‌ಗಳಲ್ಲಿ ಇಬ್ಬರು ನಾಲ್ಕನೇ ವರ್ಷ, ಒಬ್ಬ ಐದನೇ ವರ್ಷ ಕಾಯಂ ಆಟಗಾರರಾದರು. ಮಂಡಿ ಪೆಟ್ಟಿನ ಹುಡುಗ ಪದವಿ ಮುಗಿಸಿದ. ಅವನ ಸಾಲಿನಲ್ಲಿ ಈಗ ಸೊನ್ನೆ ಇಲ್ಲ, ‘ಪದವಿ’ ಅಂತಿದೆ. ನಾನು ಲೆಕ್ಕವನ್ನೆಲ್ಲ ಮತ್ತೆ ಮಾಡಿ, ಹಳೆಯ ವರದಿ ಎಲ್ಲಿ ತಪ್ಪಿತ್ತು ಅಂತ ವಿವರವಾಗಿ ಬರೆದು ಮೇಲಿನವರಿಗೆ ಕಳಿಸಿದೆ.

ಆದರೆ ಮೊದಲ ವರದಿ ಸುಮ್ಮನೆ ಕಡತದಲ್ಲಿ ಕೂತಿರಲಿಲ್ಲ. ಆ ಸಣ್ಣ ಊರುಗಳಿಗೆ ವರ್ಷಗಟ್ಟಲೆ ಕಾರು ಓಡಿಸಿಕೊಂಡು ಹೋಗಿ, ಆ ಹುಡುಗರ ಮನೆಗಳಲ್ಲಿ ಊಟ ಮಾಡಿ, ಅವರನ್ನು ಕರೆತಂದಿದ್ದ ಸಹಾಯಕ ಕೋಚ್ ಒಬ್ಬರಿದ್ದರು. ನನ್ನ ಆ ಒಂದು ಪುಟ ನೋಡಿ ಅವರ ಕೈಯಿಂದ ಆ ಪ್ರದೇಶವನ್ನು ತೆಗೆದಿದ್ದರು. ತಿದ್ದಿದ ವರದಿಯ ಪ್ರತಿ ಹಿಡಿದು ನಾನೇ ಅವರ ಕೋಣೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಹಾಳೆ ತೆಗೆದುಕೊಂಡು, ನನ್ನನ್ನು ಕೂರಿಸಿ, ಆ ಮೂವರ ಮೊದಲ ಹೈಸ್ಕೂಲ್ ವಿಡಿಯೊ ಹಾಕಿ ತೋರಿಸಿದರು. ಆ ಊರುಗಳಿಗೆ ಈಗಲೂ ಬೇರೆಯವರೇ ಹೋಗುತ್ತಾರೆ.