ಒಂದು ಅಕ್ರೋಟಿನಷ್ಟು

ಇವತ್ತು ಮುಂಬೈನ ಮಾಟುಂಗಾದಲ್ಲಿ ಅಪ್ಪನ ಸೋನೋಗ್ರಫಿ ರಿಪೋರ್ಟ್ ತಗೊಂಡೆ. ಪ್ರಾಸ್ಟೇಟ್, ಅಂದ್ರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರೋ ಗ್ರಂಥಿ, 48 ಗ್ರಾಂ. ಇರಬೇಕಾದ್ದು 20ರ ಆಸುಪಾಸು, ಒಂದು ಅಕ್ರೋಟಿನಷ್ಟು.

ಲೋಕಲ್ ಟ್ರೇನಿನಲ್ಲಿ ಬಾಗಿಲ ಹತ್ರ ನಿಂತು ಅದನ್ನೇ ಯೋಚಿಸ್ತಾ ಬಂದೆ.

ಆ ಗ್ರಂಥಿ ಶುರುವಾಗಿದ್ದು ಅಜ್ಜಿಯ ಹೊಟ್ಟೆಯಲ್ಲಿ, ಸುಮಾರು 10ನೇ ವಾರಕ್ಕೆ. ಭ್ರೂಣದ ವೃಷಣದಿಂದ ಟೆಸ್ಟೋಸ್ಟೆರೋನ್ ಬರುತ್ತೆ, ಅದು ಡಿಎಚ್‌ಟಿ ಅನ್ನೋ ಇನ್ನೂ ಪ್ರಬಲ ಹಾರ್ಮೋನ್ ಆಗುತ್ತೆ, ಮೂತ್ರನಾಳದ ಗೋಡೆಯಲ್ಲಿ ಮೊಗ್ಗು ಒಡೆಯುತ್ತೆ. ನಂಗೆ ಇಷ್ಟವಾಗಿದ್ದು ಇದು: ಹಾರ್ಮೋನಿನ ಮಾತು ಮೊದಲು ಕೇಳಿಸಿಕೊಳ್ಳೋದು ಮೊಗ್ಗಲ್ಲ, ಸುತ್ತಲಿನ ಅಂಗಾಂಶ. ಅದು ಹೇಳಿದ ಮೇಲೇ ಮೊಗ್ಗು ಬೆಳೆಯೋದು.

ಇಲಿಗಳಲ್ಲಿ ಹಾರ್ಮೋನ್ ನಿಂತರೆ ಗ್ರಂಥಿ ಕುಗ್ಗುತ್ತೆ. ಮತ್ತೆ ಕೊಟ್ಟರೆ, ಉಳಿದ ಪ್ರೊಜೆನಿಟರ್ ಕೋಶಗಳು (ಹೊಸ ಕೋಶ ಹುಟ್ಟಿಸೋವು) ಪುನಃ ಕಟ್ತಾವೆ.

ಅಪ್ಪನಿಗೆ 71. "ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳ್ತೀನಿ, ಅಷ್ಟೇ ಕಣೋ" ಅಂದರು. ಹಾಲ್‌ನ ದೀಪ ಇನ್ಮೇಲೆ ರಾತ್ರಿ ಆರಿಸಲ್ಲ.