ಗಣಿತದಲ್ಲಿ ಇನ್ನೇನು ಉಳಿದಿದೆ?

ಊರಿಗೆ ಬಂದಾಗಲೆಲ್ಲ, ಅದರಲ್ಲೂ ಮದುವೆ ಮನೆಗಳಲ್ಲಿ, ಹಿರಿಯರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಲೆಕ್ಕವೆಲ್ಲ ಯಾವತ್ತೋ ಮುಗಿದಿದೆಯಲ್ಲ, ಅದರಲ್ಲಿ ಸಂಶೋಧನೆ ಮಾಡುವುದಕ್ಕೆ ಇನ್ನೇನು ಉಳಿದಿದೆ?" ಗೋಣಿಕೊಪ್ಪದಲ್ಲೂ ಕೇಳಿದ್ದಾರೆ, ಮಡಿಕೇರಿಯಲ್ಲೂ ಕೇಳಿದ್ದಾರೆ. ಕೇಳುವವರು ಹೆಚ್ಚಾಗಿ ಕಾಫಿ ಬೆಳೆಗಾರರು. ಹಾಗಾಗಿ ನಾನು ತೋಟದಿಂದಲೇ ಶುರುಮಾಡುತ್ತೇನೆ.

ಸಮತಟ್ಟಾದ ತೋಟ (ಕೊಡಗಿನಲ್ಲಿ ಎಲ್ಲಿದೆ ಎಂದು ಕೇಳಬೇಡಿ). 100 ಸಾಲು, ಸಾಲಿಗೆ 101 ಗಿಡ. ಅಕ್ಕಪಕ್ಕದ ಪ್ರತಿ ಎರಡು ಗಿಡಗಳ ನಡುವೆ ಒಂದೊಂದು ನಾಣ್ಯ ಚಿಮ್ಮಿ. ಹೆಡ್ ಬಿದ್ದರೆ ಆ ನಡುವಿನಲ್ಲಿ ರೋಗ ದಾಟುತ್ತದೆ, ಟೇಲ್ ಬಿದ್ದರೆ ಇಲ್ಲ. ಎಡಬೇಲಿಯ ಬದಿಯ ಗಿಡಗಳಿಗೆಲ್ಲ ರೋಗ ತಗುಲಿದೆ. ಬಲಬೇಲಿಯವರೆಗೆ ಅದು ತಲುಪುವ ಸಂಭವ ಎಷ್ಟು?

ಸರಿಯಾಗಿ ಅರ್ಧ. ಅಂದಾಜಲ್ಲ, ಕರಾರುವಾಕ್ಕಾಗಿ ಅರ್ಧ. ರೋಗ ದಾಟಲಿಲ್ಲವೆಂದರೆ, ಟೇಲ್ ಬಿದ್ದ ನಡುವುಗಳಲ್ಲಷ್ಟೇ ನುಸುಳಿಕೊಂಡು ಒಬ್ಬ ಆಳು ಮೇಲುಬದಿಯಿಂದ ಕೆಳಬದಿಗೆ ನಡೆದುಹೋಗಬಲ್ಲ ಎಂದೇ ಅರ್ಥ. ರೋಗಕ್ಕೆ ದಾರಿಯಿದ್ದರೆ ಆಳಿಗಿಲ್ಲ, ಆಳಿಗಿದ್ದರೆ ರೋಗಕ್ಕಿಲ್ಲ. ಸಾಲಿಗೆ ಒಂದು ಗಿಡ ಹೆಚ್ಚಿಟ್ಟದ್ದರಿಂದ ಇಬ್ಬರ ನಕ್ಷೆಯೂ ತದ್ರೂಪ. ನಾಣ್ಯಕ್ಕೆ ಪಕ್ಷಪಾತವಿಲ್ಲ, ಆದ್ದರಿಂದ ಸಮಪಾಲು. ಈ ವಾದವನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಇದಕ್ಕೆ ಪರ್ಕೊಲೇಶನ್ (ಮಣ್ಣಿನಲ್ಲಿ ನೀರಿನಂತೆ ಜಿನುಗಿ ಹಬ್ಬುವುದು) ಸಿದ್ಧಾಂತ ಎನ್ನುತ್ತಾರೆ. 1957ರಲ್ಲಿ ಬ್ರಾಡ್‌ಬೆಂಟ್ ಮತ್ತು ಹ್ಯಾಮರ್‌ಸ್ಲಿ ಇದನ್ನು ಶುರುಮಾಡಿದರು. ತೋಟಕ್ಕೆ ಕೊನೆಯೇ ಇಲ್ಲವೆಂದುಕೊಳ್ಳಿ. ದಾಟುವ ಸಂಭವ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚಾದರೂ ಅನಂತದವರೆಗೆ ಹಬ್ಬುವ ರೋಗದ ಜಾಲ ಎಲ್ಲಾದರೂ ಇದ್ದೇ ಇರುತ್ತದೆ. ಅರ್ಧದಲ್ಲಿಯೂ ಅದಕ್ಕಿಂತ ಕೆಳಗೂ ಇರುವುದಿಲ್ಲ. ಅರ್ಧದವರೆಗೆ ಇಲ್ಲವೆಂದು ಹ್ಯಾರಿಸ್ 1960ರಲ್ಲಿ ತೋರಿಸಿದರು. ದಾಟಿದೊಡನೆ ಇದೆಯೆಂದು ಸಾಧಿಸಲು ಕೆಸ್ಟನ್ ಅವರ 1980ರ ಪ್ರಬಂಧದವರೆಗೆ ಕಾಯಬೇಕಾಯಿತು. ಆಮೇಲೆ ಸ್ಮಿರ್ನೋವ್, ಗಿಡಗಳನ್ನು ಚೌಕದ ಬದಲು ತ್ರಿಕೋನಗಳಾಗಿ ನೆಟ್ಟಂಥ ಜಾಲದ ಮೇಲೆ ಸಂಕೀರ್ಣ ವಿಶ್ಲೇಷಣೆಯನ್ನು (ಸಂಕೀರ್ಣ ಸಂಖ್ಯೆಗಳ ಕಲನಶಾಸ್ತ್ರ) ಅದ್ಭುತವಾಗಿ ಹೂಡಿ, ಸಂಭವ ಸರಿಯಾಗಿ ಅರ್ಧವಿದ್ದಾಗ ಬೇರೆ ಬೇರೆ ಆಕಾರದ ದೊಡ್ಡ ತೋಟಗಳನ್ನು ರೋಗ ದಾಟುವ ಸಂಭವ ಎಷ್ಟೆಂದು ಸಾಧಿಸಿದರು. ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ 2010ರಲ್ಲಿ ಅವರಿಗೆ ಬರಲು ಅದೂ ಕಾರಣ. ಅದೇ ಫಲಿತಾಂಶ ನಮ್ಮ ಚೌಕ ತೋಟಕ್ಕೂ ನಿಜವೆಂದು ಎಲ್ಲರೂ ನಂಬುತ್ತಾರೆ, ಸಾಧನೆ ಮಾತ್ರ ಸಿಕ್ಕಿಲ್ಲ.

ಈಗ ತೋಟದ ಮೇಲೊಂದು ತೋಟ, ಅದರ ಮೇಲೊಂದು ಎಂದು ಪೇರಿಸಿ, ಮೂರು ಆಯಾಮ ಮಾಡಿ. ರೋಗಕ್ಕೆ ಇನ್ನೂ ದಾರಿಯೊಂದೇ ಸಾಕು. ಅದನ್ನು ತಡೆಯಲು ಮಾತ್ರ ದಾರಿ ಸಾಲದು, ಇಡೀ ಪರದೆಯೇ ಬೇಕು. ದಾರಿಗೂ ಪರದೆಗೂ ಹೋಲಿಕೆಯಿಲ್ಲದ್ದರಿಂದ ಮೇಲಿನ ವಾದ ಅಲ್ಲಿಗೇ ಕುಸಿಯುತ್ತದೆ. ಅಲ್ಲಿನ ಹೊಸ್ತಿಲು, ಅಂದರೆ ಯಾವ ಸಂಭವವನ್ನು ಮೀರಿದರೆ ಅನಂತ ಜಾಲ ಹುಟ್ಟುತ್ತದೋ ಅದು (ಸಮತಟ್ಟಾದ ತೋಟದಲ್ಲಿ ಅರ್ಧ), ಸುಮಾರು 0.2488 ಎಂದು ಕಂಪ್ಯೂಟರ್ ಲೆಕ್ಕ ಹೇಳುತ್ತದೆ. ಸರಿಯಾಗಿ ಆ ಹೊಸ್ತಿಲಿನ ಮೇಲೆ ನಿಂತಾಗ ಅನಂತ ಜಾಲ ಇದೆಯೋ ಇಲ್ಲವೋ? ಇಲ್ಲವೆಂದು ಎಲ್ಲರ ಊಹೆ. ಸೋಜಿಗವೆಂದರೆ, 11 ಮತ್ತು ಅದಕ್ಕೆ ಮೇಲ್ಪಟ್ಟ ಆಯಾಮಗಳಲ್ಲಿ ಅದು ಸಾಧಿತವಾಗಿದೆ: ಅಲ್ಲಿ ಜಾಗ ಎಷ್ಟು ವಿಶಾಲವೆಂದರೆ ಕವಲೊಡೆದ ದಾರಿಗಳು ಮತ್ತೆ ಸಂಧಿಸುವುದೇ ಅಪರೂಪ. ನಾವು ಬದುಕುತ್ತಿರುವ ಮೂರರಲ್ಲಿ ಯಾರಿಗೂ ಆಗಿಲ್ಲ.

ಇಷ್ಟಾದ ಮೇಲೆ ಯಾರಾದರೂ, "ಹಾಗಾದರೆ ಯಾವ ಗುಡ್ಡ ಜಾರುತ್ತದೆಂದು ಹೇಳಬಹುದಲ್ಲ?" ಎನ್ನುತ್ತಾರೆ. ಕೊಡಗಿನ ಗುಡ್ಡಗಳು ಕುಸಿದ 2018ರ ಮಳೆಗಾಲ ಕಂಡವರು ಹಾಗೆ ಕೇಳುವುದು ನ್ಯಾಯವೇ. ಇಲ್ಲ, ಹೇಳಲಾಗುವುದಿಲ್ಲ. ಪ್ರತಿ ನಡುವಿಗೂ ಬೇರೆ ನಾಣ್ಯ, ಒಂದಕ್ಕೊಂದು ಸಂಬಂಧವಿಲ್ಲ ಎಂಬುದು ನಮ್ಮ ಷರತ್ತು; ಗುಡ್ಡದ ಮಣ್ಣು ಹಾಗಿಲ್ಲ. ಇಷ್ಟು ಸರಳ ಮಾಡಿಕೊಂಡ ಮೇಲೂ 3ರಿಂದ 10ರವರೆಗಿನ ಆಯಾಮಗಳು ಹಾಗೆಯೇ ಬಾಕಿ ಇವೆ.